ಬಾಯಿ ತುಂಬ ಹಲ್ಲಿಗೆ ನಾಲ್ಕಾರು ಇಂಪ್ಲಾಂಟ್: ಮೊದಲ ಭೇಟಿಯಿಂದ ದಿನನಿತ್ಯದ ಬ್ರಶ್‌ವರೆಗೆ

ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. ‘ಎಲ್ಲಾ ಹಲ್ಲೂ ಹೋಗಿವೆ. ಸೆಟ್ ಮಾಡಿಸಿಕೊಂಡೆ, ಬಾಯಲ್ಲಿ ನಿಲ್ಲೋದೇ ಇಲ್ಲ. ಇಂಪ್ಲಾಂಟ್ ಹಾಕಿಸಬಹುದಾ? 32 ಹಾಕಿಸಬೇಕಾ?’ ಅದರ ಬೆನ್ನಿಗೇ ಇನ್ನೊಂದು: ‘ಮೂರೇ ದಿನದಲ್ಲಿ ಮುಗಿಯುತ್ತೆ ಅಂತಾರಲ್ಲ, ನಿಜಾನಾ?’

32 ಬೇಡ. ಸಾಮಾನ್ಯವಾಗಿ ಒಂದು ದವಡೆಗೆ ನಾಲ್ಕರಿಂದ ಆರು ಸಾಕು. ಕೆಲವರಿಗೆ ಕೆಳಗಡೆ ಎರಡರಲ್ಲೇ ಕೆಲಸ ಆಗುತ್ತದೆ. ಇನ್ನು ಮೂರು ದಿನದ ಮಾತು. ಮೂರು ದಿನದಲ್ಲಿ ಬಾಯಿಗೆ ಹಲ್ಲು ಬರಬಹುದು, ಮೂಳೆ ಮಾತ್ರ ತನ್ನ ಹೊತ್ತು ತೆಗೆದುಕೊಂಡೇ ತೀರುತ್ತದೆ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಎಲ್ಲರೂ ಹೆದರುವುದು ದವಡೆಗೆ ಇಂಪ್ಲಾಂಟ್ ಸ್ಕ್ರೂ ಕೂರಿಸುವ ದಿನಕ್ಕೆ. ಆದರೆ ಆ ದಿನ ಕೆಡುವುದು ಕಡಿಮೆ. ಕೆಡುವುದು ಅದಕ್ಕೆ ಮುಂಚೆ, ಯಾವ ಥರದ ಹಲ್ಲು ಬೇಕು ಅಂತ ಸರಿಯಾಗಿ ಯೋಚಿಸದೇ ಹೋದಾಗ. ಇಲ್ಲವೇ ಅದಾಗಿ ಎಷ್ಟೋ ವರ್ಷ ಕಳೆದ ಮೇಲೆ, ಹಲ್ಲಿನ ಅಡಿ ಚೊಕ್ಕಟ ಮಾಡದೇ ಬಿಟ್ಟಾಗ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಅವೆರಡಕ್ಕೇ.

ಮೊದಲು ಒಂದಿಷ್ಟು ಪದಗಳು

ಇಂಪ್ಲಾಂಟ್ ಅಂದರೆ ಹಲ್ಲಲ್ಲ. ಅದು ಬೇರಿನ ಬದಲಿಗೆ ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ. ಹೆಚ್ಚಿನವು 3.5ರಿಂದ 5 ಮಿ.ಮೀ. ದಪ್ಪ, 8ರಿಂದ 15 ಮಿ.ಮೀ. ಉದ್ದ ಇರುತ್ತವೆ. ಅದರ ತಲೆಗೆ ಜೋಡಿಸಿ ವಸಡಿನಿಂದ ಹೊರಗೆ ಬರುವ ಚಿಕ್ಕ ಗೂಟಕ್ಕೆ ಅಬಟ್‌ಮೆಂಟ್ ಅನ್ನುತ್ತಾರೆ. ಅದರ ಮೇಲೆ ಕೂರುವ ಹಲ್ಲಿನ ಸಾಲೇ ಬ್ರಿಡ್ಜ್ ಅಥವಾ ಸೆಟ್. ಬೆಲೆ ಕೇಳುವಾಗ ಈ ಮೂರೂ ಸೇರಿವೆಯಾ ಅಂತ ಕೇಳಿ. ‘ಇಂಪ್ಲಾಂಟ್‌ಗೆ ಇಷ್ಟು’ ಅಂದಾಗ ಎಷ್ಟೋ ಸಲ ಅದು ಬರೀ ಸ್ಕ್ರೂವಿನ ಲೆಕ್ಕ.

ಆಸಿಯೋಇಂಟಿಗ್ರೇಶನ್ ಅನ್ನೋ ಉದ್ದದ ಪದವನ್ನೂ ನೀವು ಕೇಳುತ್ತೀರಿ. ಮೂಳೆ ಬೆಳೆದು ಟೈಟಾನಿಯಂಗೆ ಬೆಸೆದುಕೊಳ್ಳುವುದು, ಅಷ್ಟೇ. ಇದು ಗೊತ್ತಾಗಿದ್ದು ಹೆಚ್ಚುಕಡಿಮೆ ಆಕಸ್ಮಿಕವಾಗಿ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯಲ್ಲಿ ರಕ್ತದ ಓಡಾಟ ನೋಡಲು ಟೈಟಾನಿಯಂನ ಪುಟ್ಟ ಸಾಧನ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಕಿತ್ತು ಬರಲಿಲ್ಲ. 1965ರಲ್ಲಿ ಅವರೇ ಮೊದಲ ರೋಗಿಯ ದವಡೆಗೆ ಇಂಪ್ಲಾಂಟ್ ಹಾಕಿದರು.

ಹಂತ 1: ನಿಮ್ಮ ಮೈ ಇದಕ್ಕೆ ತಯಾರಿದೆಯಾ?

ವಯಸ್ಸು ಅಡ್ಡಿಯಲ್ಲ. 80 ದಾಟಿದವರಿಗೂ ಹಾಕಬಹುದು. ನೋಡಬೇಕಾದದ್ದು ಕಾಯಿಲೆ ಮತ್ತು ಮಾತ್ರೆಗಳನ್ನು. ಮೊದಲ ಭೇಟಿಗೆ ಹೋಗುವಾಗ ನೀವು ತೆಗೆದುಕೊಳ್ಳುವ ಎಲ್ಲಾ ಮಾತ್ರೆ, ಇಂಜೆಕ್ಷನ್ನುಗಳ ಪಟ್ಟಿ ಬರೆದುಕೊಂಡು ಹೋಗಿ. ‘ಅದು ಹಲ್ಲಿಗೆ ಸಂಬಂಧಪಟ್ಟದ್ದಲ್ಲ’ ಅಂತ ಯಾವುದನ್ನೂ ಬಿಡಬೇಡಿ. ಈ ಐದನ್ನಂತೂ ಮುಚ್ಚಿಡಲೇಬೇಡಿ:

- ಸಕ್ಕರೆ ಕಾಯಿಲೆ. ಹತೋಟಿಯಲ್ಲಿದ್ದರೆ ತೊಂದರೆಯಿಲ್ಲ. ವೈದ್ಯರು ನೋಡುವುದು ಅವತ್ತಿನ ಸಕ್ಕರೆಯನ್ನಲ್ಲ, ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು. ಅದು ತುಂಬಾ ಏರಿದ್ದರೆ ಮೊದಲು ಇಳಿಸಿಕೊಂಡು ಬನ್ನಿ ಅನ್ನುತ್ತಾರೆ.
- ಮೂಳೆ ಸವೆತದ ಔಷಧಿ. ಅಲೆಂಡ್ರೊನೇಟ್ ಮಾತ್ರೆ, ಜೊಲೆಡ್ರೊನಿಕ್ ಆಸಿಡ್ ಅಥವಾ ಡೆನೊಸುಮಾಬ್ ಇಂಜೆಕ್ಷನ್ ಇಂಥವು. ಇವುಗಳಿಂದ ಕೆಲವರಲ್ಲಿ ದವಡೆ ಮೂಳೆಯ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯ ಇದೆ. ಕ್ಯಾನ್ಸರ್ ಚಿಕಿತ್ಸೆಗಾಗಿ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಈ ಅಪಾಯ ಜಾಸ್ತಿ. ಈಗ ನಿಲ್ಲಿಸಿದ್ದರೂ ಹೇಳಬೇಕು, ಹಿಂದೆ ತೆಗೆದುಕೊಂಡದ್ದೂ ಲೆಕ್ಕಕ್ಕೆ ಬರುತ್ತದೆ.
- ತಲೆ, ಕುತ್ತಿಗೆಗೆ ರೇಡಿಯೇಶನ್ ಆಗಿದ್ದರೆ.
- ರಕ್ತ ತೆಳುವಾಗಿಸುವ ಮಾತ್ರೆ. ಹೇಳಿ, ಆದರೆ ನೀವಾಗಿ ನಿಲ್ಲಿಸಬೇಡಿ. ಹಲ್ಲಿನ ಕಡೆಯಿಂದ ಸ್ವಲ್ಪ ಹೆಚ್ಚು ರಕ್ತ ಹೋದರೆ ತಡೆಯಬಹುದು, ಹೃದಯದಲ್ಲೋ ಮೆದುಳಲ್ಲೋ ರಕ್ತ ಹೆಪ್ಪುಗಟ್ಟಿದರೆ ಕಷ್ಟ. ಆ ತೀರ್ಮಾನ ನಿಮ್ಮ ಹೃದಯದ ವೈದ್ಯರದ್ದು.
- ಸಿಗರೇಟು, ಬೀಡಿ, ಅಗಿಯುವ ತಂಬಾಕು. ಸೇದುವವರಲ್ಲಿ ಇಂಪ್ಲಾಂಟ್ ಸೋಲುವುದು ಹೆಚ್ಚು. ‘ಆಪರೇಷನ್ ದಿನ ಸೇದಲ್ಲ’ ಅಂದರೆ ಸಾಲದು. ಕೆಲವು ವಾರ ಮೊದಲೇ ಬಿಟ್ಟು, ಮೂಳೆ ಬೆಸೆಯುವವರೆಗಾದರೂ ದೂರ ಇರಬೇಕು.

ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇತ್ತಾ? ಈಗ ಹಲ್ಲೇ ಇಲ್ಲವಲ್ಲ, ಇನ್ನೇನು ಅಂತ ಸುಮ್ಮನಿರಬೇಡಿ. ಗಟ್ಟಿ ಹಲ್ಲು ಬಂದ ಮೇಲೆ ಆ ಅಭ್ಯಾಸವೂ ತಿರುಗಿ ಬರಬಹುದು. ಎಷ್ಟು ಸ್ಕ್ರೂ ಬೇಕು, ಮೇಲಿನ ಹಲ್ಲು ಯಾವುದರಿಂದ ಮಾಡಬೇಕು ಅನ್ನುವುದು ಇದರ ಮೇಲೂ ನಿಂತಿದೆ.

ಹಂತ 2: ತೆಗೆದು ಹಾಕುವ ಸೆಟ್ಟಾ, ಬಿಗಿದು ಕೂರಿಸಿದ ಸೆಟ್ಟಾ?

ಇಡೀ ಕೆಲಸದಲ್ಲಿ ದೊಡ್ಡ ತೀರ್ಮಾನ ಇದೇ. ಹೆಚ್ಚಿನವರು ಇದನ್ನು ಐದು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ.

ಮೊದಲನೆಯದು, ಇಂಪ್ಲಾಂಟ್ ಮೇಲೆ ಕೂರುವ, ತೆಗೆಯಬಹುದಾದ ಸೆಟ್. ಇದಕ್ಕೆ ಓವರ್‌ಡೆಂಚರ್ ಅನ್ನುತ್ತಾರೆ. ಬಟ್ಟೆಯ ಟಿಚ್ ಬಟನ್ ಗೊತ್ತಲ್ವಾ, ಅದೇ ಲೆಕ್ಕ. ದವಡೆಯಲ್ಲಿ ಒಂದು ಗುಂಡಿ, ಸೆಟ್ಟಿನ ಅಡಿಯಲ್ಲಿ ಅದಕ್ಕೆ ಹೊಂದುವ ಗುಳಿ. ಒತ್ತಿದರೆ ಟಕ್ಕನೆ ಕೂರುತ್ತದೆ. ರಾತ್ರಿ ತೆಗೆದು ತೊಳೆದಿಡಬೇಕು. ಕೆಳಗಡೆಗೆ ಎರಡು ಇಂಪ್ಲಾಂಟ್ ಸಾಕು. ಮೇಲ್ದವಡೆಯ ಮೂಳೆ ಮೆತ್ತಗಿರುವುದರಿಂದ ಅಲ್ಲಿ ಸಾಮಾನ್ಯವಾಗಿ ನಾಲ್ಕು ಬೇಕು.

ಇದನ್ನು ‘ಕಡಿಮೆ ದುಡ್ಡಿನವರಿಗೆ’ ಅಂತ ತಳ್ಳಿಹಾಕುವುದನ್ನು ನೋಡಿದ್ದೇನೆ. ಅದು ತಪ್ಪು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಒಟ್ಟಾಗಿ ಒಂದು ಹೇಳಿಕೆ ಕೊಟ್ಟರು. ಕೆಳಗೆ ಒಂದೂ ಹಲ್ಲಿಲ್ಲದವರಿಗೆ ಮೊದಲ ಆಯ್ಕೆ ಸಾದಾ ಸೆಟ್ ಆಗಬಾರದು, ಎರಡು ಇಂಪ್ಲಾಂಟ್ ಮೇಲಿನ ಸೆಟ್ ಆಗಬೇಕು ಅಂತ. ಕೆಳಗಿನ ಸಾದಾ ಸೆಟ್ ನಾಲಿಗೆ ಅಲ್ಲಾಡಿದರೆ ಮೇಲೇಳುತ್ತದೆ. ಎರಡೇ ಎರಡು ಗುಂಡಿ ಸಿಕ್ಕರೂ ಆ ಗೋಳು ಬಹುಪಾಲು ತೀರುತ್ತದೆ.

ಎರಡನೆಯದು, ಸ್ಕ್ರೂ ಹಾಕಿ ಬಿಗಿದ ಬ್ರಿಡ್ಜ್. ನೀವು ತೆಗೆಯಲಾಗುವುದಿಲ್ಲ, ವೈದ್ಯರು ಮಾತ್ರ ಬಿಚ್ಚಬಹುದು. ಅಂಗುಳದ ಮೇಲೆ ಏನೂ ಇರುವುದಿಲ್ಲ, ಹಾಗಾಗಿ ರುಚಿ, ಬಿಸಿ ಚೆನ್ನಾಗಿ ಗೊತ್ತಾಗುತ್ತದೆ. ಸ್ವಂತ ಹಲ್ಲಿಗೆ ಹತ್ತಿರದ ಅನುಭವ ಇದೇ. ‘ಆಲ್-ಆನ್-4’ ಅನ್ನೋ ಹೆಸರು ನೀವು ಕೇಳಿರುತ್ತೀರಿ. 1990ರ ದಶಕದಲ್ಲಿ ಪೋರ್ಚುಗಲ್‌ನ ಪೌಲೊ ಮಾಲೊ ರೂಢಿಗೆ ತಂದ ವಿಧಾನ ಅದು. ಮುಂದೆ ಎರಡು ಇಂಪ್ಲಾಂಟ್ ನೇರ, ಹಿಂದಿನ ಎರಡು ಓರೆ. ಮೇಲೆ ಕೆನ್ನೆಯೊಳಗಿನ ಸೈನಸ್ಸಿನ ಪೊಳ್ಳಿಗೂ ಕೆಳಗೆ ನರಕ್ಕೂ ತಾಗದ ಹಾಗೆ ಓರೆಯಾಗಿ ಕೂರಿಸಿ, ಇರುವ ಮೂಳೆಯಲ್ಲೇ ಕೆಲಸ ಮುಗಿಸುವ ಉಪಾಯ. ಮೂಳೆ ಚೆನ್ನಾಗಿದ್ದರೆ, ಅದರಲ್ಲೂ ಮೇಲ್ದವಡೆಯಲ್ಲಿ, ಆರು ಹಾಕುವುದು ನನಗೆ ಹೆಚ್ಚು ಒಪ್ಪಿಗೆ. ನಾಲ್ಕರಲ್ಲಿ ಒಂದು ಕೈಕೊಟ್ಟರೆ ಇಡೀ ಬ್ರಿಡ್ಜ್ ತೂಗಾಡುತ್ತದೆ. ಆರರಲ್ಲಿ ಒಂದು ಹೋದರೆ ಉಳಿದವು ಹೊರುವ ಸಾಧ್ಯತೆ ಇರುತ್ತದೆ.

ಬಿಗಿದ ಬ್ರಿಡ್ಜ್ ಯಾವಾಗಲೂ ಮೇಲು ಅಂತಲ್ಲ. ಇಲ್ಲಿ ಎರಡು ವಿಷಯ ಗಮನಿಸಿ.

ಒಂದು, ಮುಖ. ಹಲ್ಲು ಹೋದ ಮೇಲೆ ದವಡೆಯ ಮೂಳೆ ಕರಗುತ್ತಾ ಹೋಗುತ್ತದೆ, ಮೊದಲ ವರ್ಷವೇ ಹೆಚ್ಚು. ಹತ್ತಿಪ್ಪತ್ತು ವರ್ಷ ಸೆಟ್ ಹಾಕಿದವರ ಮೇಲ್ತುಟಿಗೆ ಆಸರೆ ಕೊಡುತ್ತಿರುವುದು ಆ ಸೆಟ್ಟಿನ ಗುಲಾಬಿ ಅಂಚು. ಬಿಗಿದ ಬ್ರಿಡ್ಜ್‌ನಲ್ಲಿ ಆ ಅಂಚನ್ನು ಉದ್ದ ಬಿಡುವಂತಿಲ್ಲ, ಬಿಟ್ಟರೆ ಅಡಿ ತೊಳೆಯಲಾಗದು. ಆಗ ತುಟಿ ಒಳಕ್ಕೆ ಬಿದ್ದು ಮುಖ ಇನ್ನಷ್ಟು ವಯಸ್ಸಾದಂತೆ ಕಾಣುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕನ್ನಡಿ ಮುಂದೆ ಸೆಟ್ ಹಾಕಿಕೊಂಡು ಪಕ್ಕದಿಂದ ಮುಖ ನೋಡಿ. ತೆಗೆದು ಮತ್ತೆ ನೋಡಿ. ತುಟಿ ತುಂಬಾ ಕುಸಿಯಿತಾ? ಹಾಗಾದರೆ ಮೇಲ್ಗಡೆಗೆ ತೆಗೆಯುವ ಸೆಟ್ಟೇ ಚೆಂದ ಕಾಣಬಹುದು. ಇದನ್ನು ವೈದ್ಯರ ಹತ್ತಿರ ನೀವೇ ಎತ್ತಿ ಕೇಳಿ.

ಎರಡು, ನಿಮ್ಮ ಕೈ ಮತ್ತು ಕಣ್ಣು. ಬಿಗಿದ ಬ್ರಿಡ್ಜ್ ಅಡಿ ದಿನಾ ದಾರ ತೂರಿಸಿ ಉಜ್ಜಬೇಕು. ಕೈ ನಡುಗುವವರಿಗೆ, ದೃಷ್ಟಿ ಮಂಜಾದವರಿಗೆ ಇದು ಆಗುವ ಕೆಲಸವಾ? ಇವತ್ತು ಆಗುತ್ತೆ, ಹತ್ತು ವರ್ಷ ಆದ ಮೇಲೆ? ತೆಗೆದು ಹಾಕುವ ಸೆಟ್ಟನ್ನು ನಿಮ್ಮನ್ನು ನೋಡಿಕೊಳ್ಳುವವರೂ ತೊಳೆದುಕೊಡಬಹುದು. ಅಪ್ಪ ಅಮ್ಮನಿಗಾಗಿ ಓದುತ್ತಿರುವವರಿಗೆ ಈ ಮಾತು ಇನ್ನೂ ಮುಖ್ಯ.

ಹಂತ 3: ಸ್ಕ್ಯಾನ್ ಮತ್ತು ಯೋಜನೆ. ಹಲ್ಲು ಮೊದಲು, ಸ್ಕ್ರೂ ಆಮೇಲೆ

ಮೊದಲು ಒಪಿಜಿ ಅನ್ನೋ ಅಗಲದ ಎಕ್ಸ್‌ರೇ ತೆಗೆಯುತ್ತಾರೆ. ಎರಡೂ ದವಡೆ ಒಂದೇ ಚಿತ್ರದಲ್ಲಿ ಕಾಣುತ್ತವೆ. ಪೂರ್ತಿ ಬಾಯಿಯ ಇಂಪ್ಲಾಂಟ್‌ಗೆ ಅದು ಸಾಲದು, ಅದರಲ್ಲಿ ಮೂಳೆಯ ಎತ್ತರ ಕಾಣುತ್ತದೆಯೇ ಹೊರತು ದಪ್ಪ ಕಾಣುವುದಿಲ್ಲ. ಆಮೇಲೆ ಬೇಕಾದದ್ದು ಸಿಬಿಸಿಟಿ, ಅಂದರೆ ದವಡೆಯನ್ನು ಮೂರೂ ದಿಕ್ಕಿನಿಂದ ತೋರಿಸುವ ಸ್ಕ್ಯಾನ್. ಕೆಳದವಡೆಯೊಳಗೆ ತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಇಂಪ್ಲಾಂಟ್ ಅದರಿಂದ ಕನಿಷ್ಠ 2 ಮಿ.ಮೀ. ದೂರ ಇರಬೇಕು. ತಾಗಿದರೆ ತುಟಿ ಮರಗಟ್ಟಿ ತಿಂಗಳುಗಟ್ಟಲೆ, ಕೆಲವೊಮ್ಮೆ ಶಾಶ್ವತವಾಗಿ ಹಾಗೇ ಉಳಿಯಬಹುದು. ಸಿಬಿಸಿಟಿ ಇಲ್ಲದೆಯೇ ‘ಅನುಭವ ಇದೆ, ಹಾಕಿಬಿಡೋಣ’ ಅಂದರೆ ಎದ್ದು ಬನ್ನಿ.

ಸ್ಕ್ಯಾನ್‌ಗೂ ಮುಂಚೆ ಆಗಬೇಕಾದ ಒಂದು ಕೆಲಸ ಇದೆ, ಅದು ಬಹಳ ಕಡೆ ತಪ್ಪಿಹೋಗುತ್ತದೆ. ಮೊದಲು ಮೇಣದ ಮೇಲೆ ಹಲ್ಲು ಜೋಡಿಸಿ, ಬಾಯಲ್ಲಿಟ್ಟು ನೋಡಬೇಕು. ನಕ್ಕರೆ ಎಷ್ಟು ಕಾಣಬೇಕು, ತುಟಿ ಎಲ್ಲಿ ನಿಲ್ಲಬೇಕು, ಕಚ್ಚಿದಾಗ ಮುಖದ ಉದ್ದ ಎಷ್ಟಿರಬೇಕು ಅಂತ ಗೊತ್ತುಮಾಡಬೇಕು. ಆ ಹಲ್ಲಿನ ಜೋಡಣೆಯನ್ನು, ಅಥವಾ ಚೆನ್ನಾಗಿ ಕೂರುವ ನಿಮ್ಮ ಹಳೇ ಸೆಟ್ಟನ್ನು, ಎಕ್ಸ್‌ರೇಯಲ್ಲಿ ಕಾಣುವ ಗುರುತು ಹಾಕಿ ಬಾಯಲ್ಲಿಟ್ಟುಕೊಂಡು ಸ್ಕ್ಯಾನ್ ಮಾಡಿದರೆ ಹಲ್ಲು ಎಲ್ಲಿ, ಮೂಳೆ ಎಲ್ಲಿ ಅನ್ನುವುದು ಒಟ್ಟಿಗೇ ಕಾಣುತ್ತದೆ. ಮನೆಯ ನಕ್ಷೆ ಇಲ್ಲದೆ ಕಂಬ ನೆಡುವುದಿಲ್ಲವಲ್ಲ, ಹಾಗೆ. ಮೂಳೆ ಇರುವ ಕಡೆ ಸ್ಕ್ರೂ ಹಾಕಿ, ಆಮೇಲೆ ಅದರ ಮೇಲೆ ಹಲ್ಲು ಹೊಂದಿಸಲು ಹೋದರೆ ಬ್ರಿಡ್ಜ್ ಬಿಗಿಯುವ ಸ್ಕ್ರೂವಿನ ತೂತು ಮುಂದಿನ ಹಲ್ಲಿನ ಮುಖದಲ್ಲೇ ಬರಬಹುದು. ಆಗ ಮುಚ್ಚಿಹಾಕಲು ಏನೆಲ್ಲಾ ಸರ್ಕಸ್ ಮಾಡಬೇಕಾಗುತ್ತದೆ.

ಈ ಹಂತದಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆ: ‘ನನ್ನ ಮೂಳೆ ಕೆರೆದು ತಗ್ಗಿಸುತ್ತೀರಾ?’ ಬಿಗಿದ ಬ್ರಿಡ್ಜ್ ಗಟ್ಟಿಯಾಗಿರಬೇಕಾದರೆ ಮೂಳೆಯಿಂದ ಕಚ್ಚುವ ಅಂಚಿನವರೆಗೆ ಸುಮಾರು 15 ಮಿ.ಮೀ. ಜಾಗ ಬೇಕು. ಈಗಷ್ಟೇ ಹಲ್ಲು ಕಿತ್ತವರಲ್ಲಿ ಮೂಳೆ ಇನ್ನೂ ಎತ್ತರ ಇರುತ್ತದೆ, ಜಾಗ ಸಾಲದೆ ತಗ್ಗಿಸಬೇಕಾಗುತ್ತದೆ. ನಕ್ಕಾಗ ಗುಲಾಬಿ ಭಾಗ ಮತ್ತು ನಿಜವಾದ ವಸಡು ಸೇರುವ ಗೆರೆ ತುಟಿಯ ಕೆಳಗೆ ಕಾಣಬಾರದು ಅಂತಲೂ ತಗ್ಗಿಸುತ್ತಾರೆ. ಕಾರಣ ಸರಿಯೇ ಇರಬಹುದು. ಆದರೆ ತೆಗೆದ ಮೂಳೆ ವಾಪಸ್ ಬರುವುದಿಲ್ಲ. ಹಾಗಾಗಿ ಅದು ನಿಮಗೆ ಮೊದಲೇ ಗೊತ್ತಿರಬೇಕು.

ಬಾಯಲ್ಲಿ ಇನ್ನೂ ನಾಲ್ಕಾರು ಹಲ್ಲು ಉಳಿದಿದ್ದರೆ, ಅವನ್ನೆಲ್ಲಾ ಕೀಳಲೇಬೇಕಾ ಅಂತ ಇನ್ನೊಬ್ಬ ವೈದ್ಯರನ್ನೂ ಕೇಳಿ. ಗಟ್ಟಿ ಹಲ್ಲನ್ನು ‘ಪ್ಯಾಕೇಜ್‌ಗೆ ಹೊಂದಲ್ಲ’ ಅಂತ ಕೀಳಿಸಿಕೊಳ್ಳುವುದು ನನಗೆ ನೋಡಲಾಗದ ಸಂಗತಿ.

ಹಂತ 4: ಮೂಳೆ ಸಾಲದಿದ್ದರೆ

ಮೂಳೆ ಕಸಿ ಮಾಡುತ್ತಾರೆ. ನಿಮ್ಮದೇ ಮೂಳೆ, ಸಂಸ್ಕರಿಸಿದ ಮೂಳೆಪುಡಿ ಅಥವಾ ಕೃತಕ ಪುಡಿ ತುಂಬಿ ಬೆಳೆಯಲು ಬಿಡುತ್ತಾರೆ. ಮೇಲ್ದವಡೆಯ ಹಿಂಬದಿಯಲ್ಲಿ ಸೈನಸ್ಸಿನ ಪೊರೆ ಎತ್ತಿ ಅಡಿಗೆ ಪುಡಿ ತುಂಬುವುದಕ್ಕೆ ಸೈನಸ್ ಲಿಫ್ಟ್ ಅನ್ನುತ್ತಾರೆ. ಇದರಿಂದ ಸಾಮಾನ್ಯವಾಗಿ ಆರು ತಿಂಗಳ ಆಸುಪಾಸು ಹೆಚ್ಚು ಕಾಯಬೇಕಾಗುತ್ತದೆ. ಮೇಲೆ ಮೂಳೆ ಪೂರ್ತಿ ಕರಗಿದವರಿಗೆ ಕೆನ್ನೆಯ ಮೂಳೆಗೆ ಹೋಗಿ ಹಿಡಿಯುವ ಉದ್ದನೆಯ ಜೈಗೋಮ್ಯಾಟಿಕ್ ಇಂಪ್ಲಾಂಟ್ ಇದೆ. 30 ಮಿ.ಮೀ.ಗಿಂತ ಉದ್ದ ಇರುತ್ತದೆ, ಕಣ್ಣಿನ ಗೂಡಿನ ಹತ್ತಿರ ಹೋಗುತ್ತದೆ. ಅದರಲ್ಲೇ ಪಳಗಿದ ಸರ್ಜನ್ ಕೈಗೆ ಮಾತ್ರ ಕೊಡಿ.

ಹಂತ 5: ಒಪ್ಪುವ ಮುಂಚೆ ಬರೆಸಿಕೊಳ್ಳಿ

ಬಾಯಿಮಾತು ಸಾಲದು. ಈ ಕೆಳಗಿನವು ಕಾಗದದಲ್ಲಿರಲಿ:

- ಮೇಲೆ ಎಷ್ಟು, ಕೆಳಗೆ ಎಷ್ಟು ಇಂಪ್ಲಾಂಟ್, ಯಾವ ಕಂಪನಿಯದು, ಯಾವ ಮಾದರಿ.
- ತಾತ್ಕಾಲಿಕ ಸೆಟ್ ಮತ್ತು ಕೊನೆಯ ಸೆಟ್ ಎರಡೂ ಲೆಕ್ಕದಲ್ಲಿವೆಯಾ. ಕೊನೆಯದು ಯಾವ ವಸ್ತುವಿನದು.
- ಹಲ್ಲು ಕೀಳುವುದು, ಮೂಳೆ ಕಸಿ, ಸ್ಕ್ಯಾನ್, ಅರಿವಳಿಕೆ ಇವೆಲ್ಲ ಒಳಗಾ ಹೊರಗಾ.
- ಒಂದು ಇಂಪ್ಲಾಂಟ್ ಹಿಡಿಯದಿದ್ದರೆ ಮತ್ತೆ ಹಾಕುವ ಖರ್ಚು ಯಾರದ್ದು.
- ಸರ್ಜರಿ ಯಾರು ಮಾಡುತ್ತಾರೆ, ಹಲ್ಲು ಯಾರು ಮಾಡುತ್ತಾರೆ. ಹೊರಗಿನಿಂದ ಬರುವ ಸರ್ಜನ್ ಆದರೆ, ಆಮೇಲೆ ತೊಂದರೆಯಾದಾಗ ಯಾರನ್ನು ಹುಡುಕಬೇಕು.

ಬೇರೆ ಊರಿಗೋ ದೇಶಕ್ಕೋ ಹೋಗಿ ಮಾಡಿಸಿಕೊಳ್ಳುವವರಿಗೆ ಕೊನೆಯದು ಬಲು ಮುಖ್ಯ.

ಕಂಪನಿ ಹೆಸರು ಯಾಕೆ? ಪ್ರತಿ ಕಂಪನಿಯ ಸ್ಕ್ರೂ, ಅದನ್ನು ತಿರುಗಿಸುವ ಕೀಲಿ ಬೇರೆ ಬೇರೆ. ಹದಿನೈದು ವರ್ಷ ಆದ ಮೇಲೆ ಬಿಡಿಭಾಗ ಬೇಕಾದಾಗ ಬಾಯೊಳಗಿರುವುದು ಯಾವುದು ಅಂತ ಗೊತ್ತಿಲ್ಲದಿದ್ದರೆ ರಿಪೇರಿ ಮಾಡುವವರು ಕೈಚೆಲ್ಲುತ್ತಾರೆ. ಇಂಪ್ಲಾಂಟ್ ಡಬ್ಬಿಯ ಮೇಲೆ ಲಾಟ್ ನಂಬರ್ ಇರುವ ಸ್ಟಿಕ್ಕರ್ ಬರುತ್ತದೆ. ಅದರ ಒಂದು ಪ್ರತಿ ಕೇಳಿ ಇಸಿದುಕೊಳ್ಳಿ, ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 6: ಸರ್ಜರಿಯ ದಿನ

ಅಂದುಕೊಂಡಷ್ಟು ಭಯಂಕರ ಅಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ, ಬೇಕಿದ್ದರೆ ಮಂಪರು ಬರುವ ಔಷಧಿಯನ್ನೂ ಕೊಡುತ್ತಾರೆ. ಮಂಪರು ತೆಗೆದುಕೊಳ್ಳುವುದಾದರೆ ಎಷ್ಟು ಹೊತ್ತು ಉಪವಾಸ ಇರಬೇಕು ಅಂತ ಕೇಳಿಕೊಳ್ಳಿ, ವಾಪಸ್ ಕರೆದುಕೊಂಡು ಹೋಗಲು ಒಬ್ಬರನ್ನು ಜೊತೆಗಿಟ್ಟುಕೊಳ್ಳಿ. ದಿನಾ ತೆಗೆದುಕೊಳ್ಳುವ ಬಿ.ಪಿ. ಮಾತ್ರೆ ಹೇಗೆ, ಯಾವಾಗ ತೆಗೆದುಕೊಳ್ಳಬೇಕು ಅಂತಲೂ ಮೊದಲೇ ಕೇಳಿ.

ಡ್ರಿಲ್ ಮಾಡುವಾಗ ಬಾಯಿ ತುಂಬ ನೀರು ಬರುತ್ತಲೇ ಇರುತ್ತದೆ. ಅದು ಸಲೈನ್. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಬಿಸಿಯಾದರೂ ಅದಕ್ಕೆ ಪೆಟ್ಟಾಗುತ್ತದೆ, ಅದಕ್ಕೇ ತಣ್ಣಗಿಡುವುದು. ಸ್ಕ್ರೂ ಎಷ್ಟು ಬಿಗಿಯಾಗಿ ಕೂತಿತು ಅಂತ ಅಳೆಯುತ್ತಾರೆ. ಸುಮಾರು 35 ನ್ಯೂಟನ್-ಸೆಂಟಿಮೀಟರ್ ಬಿಗಿ ಸಿಕ್ಕರೆ ಅದೇ ದಿನ ಅಥವಾ ಒಂದೆರಡು ದಿನದಲ್ಲಿ ತಾತ್ಕಾಲಿಕ ಹಲ್ಲು ಬಿಗಿಯುವುದು ಸಾಮಾನ್ಯ. ಅಷ್ಟು ಬಿಗಿ ಸಿಗದಿದ್ದರೆ ವಸಡು ಹೊಲಿದು ಕಾಯುತ್ತಾರೆ. ‘ಅವತ್ತೇ ಹಲ್ಲು’ ಅಂತ ಮಾತು ಕೊಟ್ಟಿದ್ದರೂ, ಮೂಳೆ ಮೆತ್ತಗಿದೆ ಅಂತ ವೈದ್ಯರು ಹಿಂದೆ ಸರಿದರೆ ಜಗಳ ಆಡಬೇಡಿ. ಅಂಥ ವೈದ್ಯರು ಸಿಕ್ಕಿದ್ದು ನಿಮ್ಮ ಪುಣ್ಯ.

ಹಂತ 7: ಮೊದಲ ಎರಡು ವಾರ

ಮೊದಲ ದಿನ ಹೊರಗಿನಿಂದ ಐಸ್ ಇಡಿ. ಹತ್ತು ಹದಿನೈದು ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಡಿ. ಊತ ಎರಡು ಮೂರನೇ ದಿನ ಹೆಚ್ಚಾಗುತ್ತದೆ, ಆಮೇಲೆ ಇಳಿಯುತ್ತದೆ. ಕೆನ್ನೆ, ಕುತ್ತಿಗೆಯ ಚರ್ಮ ನೀಲಿಗಟ್ಟಿದರೂ ಗಾಬರಿ ಬೇಡ. ಮೊದಲ 24 ಗಂಟೆ ಜೋರಾಗಿ ಉಗಿಯಬೇಡಿ, ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಹೀರಬೇಡಿ. ತಲೆ ಎತ್ತರಿಸಿ ಮಲಗಿ. ಮಾರನೇ ದಿನದಿಂದ ವೈದ್ಯರು ಹೇಳಿದ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಮೆತ್ತಗೆ ಬಾಯಿ ತೊಳೆಯಿರಿ. ಕೊಟ್ಟ ಆಂಟಿಬಯಾಟಿಕ್ ಪೂರ್ತಿ ಮುಗಿಸಿ. ಕರಗದ ಹೊಲಿಗೆಯಾದರೆ ಒಂದೆರಡು ವಾರಕ್ಕೆ ತೆಗೆಯುತ್ತಾರೆ.

ತಕ್ಷಣ ಫೋನ್ ಮಾಡಬೇಕಾದದ್ದು ಯಾವಾಗ ಅಂದರೆ: ಒತ್ತಿ ಹಿಡಿದರೂ ನಿಲ್ಲದ ರಕ್ತ, ಮೂರು ದಿನ ಕಳೆದ ಮೇಲೂ ಏರುತ್ತಲೇ ಇರುವ ನೋವು ಊತ, ಕೀವು, ಜ್ವರ. ಇಂಜೆಕ್ಷನ್ ಪರಿಣಾಮ ಇಳಿದ ಮೇಲೂ ತುಟಿ, ಗದ್ದ ಮರಗಟ್ಟಿಯೇ ಇದ್ದರೆ ಅವತ್ತೇ ಹೇಳಿ, ನಾಳೆಗೆ ಬಿಡಬೇಡಿ. ಸ್ಕ್ರೂ ನರವನ್ನು ಒತ್ತುತ್ತಿದ್ದರೆ ಬೇಗ ತೆಗೆದಷ್ಟೂ ಒಳ್ಳೆಯದು. ನಾಲಿಗೆಯ ಕೆಳಗೆ, ಗಂಟಲ ಕಡೆ ಊತ ಏರಿ ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ತುರ್ತು ಚಿಕಿತ್ಸೆಗೆ ಓಡಿ.

ಹಂತ 8: ಕಾಯುವ ತಿಂಗಳುಗಳು

ಕೆಳದವಡೆಗೆ ಸುಮಾರು ಮೂರು ತಿಂಗಳು, ಮೇಲ್ದವಡೆಗೆ ನಾಲ್ಕರಿಂದ ಆರು. ಈ ಹೊತ್ತಿನಲ್ಲಿ ಬಾಯಲ್ಲಿ ಇರುವುದು ಅಕ್ರಿಲಿಕ್‌ನ, ಅಂದರೆ ಒಂದು ಬಗೆಯ ಪ್ಲಾಸ್ಟಿಕ್ಕಿನ, ತಾತ್ಕಾಲಿಕ ಹಲ್ಲು.

ಇಲ್ಲೊಂದು ಮೋಸ ಇದೆ. ಎರಡು ವಾರಕ್ಕೇ ನೋವೆಲ್ಲ ಹೋಗಿರುತ್ತದೆ. ಹಲ್ಲು ಗಟ್ಟಿಯಾಗಿದೆ ಅನಿಸುತ್ತದೆ. ಸರಿಯಾಗಿ ಅದೇ ಹೊತ್ತಿಗೆ, ಮೂರು ನಾಲ್ಕನೇ ವಾರದ ಸುಮಾರಿಗೆ, ಇಂಪ್ಲಾಂಟ್ ನಿಜಕ್ಕೂ ಅತಿ ಸಡಿಲ ಸ್ಥಿತಿಯಲ್ಲಿರುತ್ತದೆ. ಮೊದಲ ದಿನ ಸ್ಕ್ರೂವನ್ನು ಹಿಡಿದಿದ್ದು ಹಳೇ ಮೂಳೆಯ ಬಿಗಿತ. ಆ ಅಂಚು ಕರಗಿ, ಹೊಸ ಮೂಳೆ ಬರುವ ನಡುವಿನ ಕಾಲ ಇದು. ಆಗ ಗಟ್ಟಿ ಪದಾರ್ಥ ಕಚ್ಚಿದರೆ ಇಂಪ್ಲಾಂಟ್ ಒಳಗೇ ಅಲುಗಾಡಿ, ಮೂಳೆಯ ಬದಲು ಮೆತ್ತನೆಯ ಅಂಗಾಂಶ ಬೆಳೆದುಬಿಡುತ್ತದೆ. ಹಾಗಾದರೆ ಅದನ್ನು ತೆಗೆಯದೆ ಬೇರೆ ದಾರಿಯಿಲ್ಲ.

ಹಾಗಾಗಿ ಕನಿಷ್ಠ ಆರರಿಂದ ಎಂಟು ವಾರ, ವೈದ್ಯರು ಹೇಳಿದರೆ ಇನ್ನೂ ಹೆಚ್ಚು ಕಾಲ, ಮೆತ್ತನೆಯದನ್ನೇ ತಿನ್ನಿ. ಫೋರ್ಕಿನ ಬೆನ್ನಿನಿಂದ ಒತ್ತಿದರೆ ಮುದ್ದೆಯಾಗುವಂಥದ್ದು ಸರಿ, ಆಗದಿದ್ದರೆ ಬೇಡ. ಬೇಯಿಸಿದ ತರಕಾರಿ, ಮೊಟ್ಟೆ, ಬಾಳೆಹಣ್ಣು ಇಂಥವು. ಹೊಟ್ಟೆ ತುಂಬಿದರೆ ಸಾಲದು, ಗಾಯ ಮಾಯಲು ಪ್ರೋಟೀನ್ ಬೇಕು, ಅದನ್ನು ಮರೆಯಬೇಡಿ.

ತಾತ್ಕಾಲಿಕ ಸೆಟ್ ಬಿರುಕು ಬಿಟ್ಟರೆ, ಅಲುಗಾಡಿದರೆ ಆ ವಾರವೇ ಹೋಗಿ ತೋರಿಸಿ. ಸುಮ್ನೆ ಒಂದು ಬಿರುಕು ಅಂತ ಬಿಟ್ಟರೆ ಭಾರವೆಲ್ಲ ಒಂದೇ ಇಂಪ್ಲಾಂಟ್ ಮೇಲೆ ಬೀಳುತ್ತದೆ.

ಹಂತ 9: ಕೊನೆಯ ಸೆಟ್

ಮೂಳೆ ಬೆಸೆದಿದೆ ಅಂತ ಖಾತ್ರಿಯಾದ ಮೇಲೆ ಹೊಸದಾಗಿ ಅಳತೆ ತೆಗೆಯುತ್ತಾರೆ. ವಸಡು ಈಗ ಕುಗ್ಗಿ ತನ್ನ ಜಾಗಕ್ಕೆ ಬಂದಿರುತ್ತದೆ, ಹಳೇ ಅಳತೆ ಹೊಂದುವುದಿಲ್ಲ. ಕೆಲವರು ತಾತ್ಕಾಲಿಕ ಸೆಟ್ಟೇ ಚೆನ್ನಾಗಿದೆಯಲ್ಲ ಅಂತ ಅಲ್ಲೇ ನಿಂತುಬಿಡುತ್ತಾರೆ. ಅದರೊಳಗೆ ಸಾಮಾನ್ಯವಾಗಿ ಲೋಹದ ಆಸರೆ ಇರುವುದಿಲ್ಲ. ಒಂದು ದಿನ ಮುರಿಯುತ್ತದೆ.

ವಸ್ತುವಿನ ಆಯ್ಕೆ ಮುಖ್ಯವಾಗಿ ಎರಡು. ಲೋಹದ ಪಟ್ಟಿಯ ಮೇಲೆ ಅಕ್ರಿಲಿಕ್ ಹಲ್ಲು: ಹಗುರ, ಕಚ್ಚಿದಾಗ ಮೆತ್ತಗಿನ ಅನುಭವ, ಒಂದು ಹಲ್ಲು ಹಾರಿದರೆ ಅದನ್ನಷ್ಟೇ ರಿಪೇರಿ ಮಾಡಬಹುದು. ಆದರೆ ಸವೆಯುತ್ತದೆ, ಬಣ್ಣ ಹಿಡಿಯುತ್ತದೆ. ಜಿರ್ಕೋನಿಯಾ, ಅಂದರೆ ಪಿಂಗಾಣಿ ಜಾತಿಯ ವಸ್ತು: ಕಲ್ಲಿನಂತೆ ಗಟ್ಟಿ, ಕಲೆ ಹಿಡಿಯುವುದಿಲ್ಲ, ನೋಡಲು ಚೆಂದ. ಮೇಲೆ ಕೆಳಗೆ ಎರಡೂ ಅದೇ ಆದರೆ ಕೆಲವರಿಗೆ ಟಕಟಕ ಶಬ್ದ ಕೇಳಿಸುತ್ತದೆ. ಅದು ಮುರಿಯುವುದು ಅಪರೂಪ, ಮುರಿದರೆ ಸಾಮಾನ್ಯವಾಗಿ ಇಡೀ ಸಾಲನ್ನೇ ಹೊಸದಾಗಿ ಮಾಡಬೇಕು. ಹಲ್ಲಿನ ಎಣಿಕೆಯನ್ನೂ ಈಗಲೇ ತಿಳಿದುಕೊಳ್ಳಿ. ಒಂದು ದವಡೆಗೆ 16 ಹಲ್ಲು ಕೊಡುವುದಿಲ್ಲ, 10ರಿಂದ 12 ಸಾಮಾನ್ಯ. ತೀರಾ ಹಿಂದಕ್ಕೆ ಚಾಚಿದ ಹಲ್ಲು ಹಿಂದಿನ ಇಂಪ್ಲಾಂಟ್ ಮೇಲೆ ಸನ್ನೆಗೋಲಿನ ಹಾಗೆ ಭಾರ ಹಾಕುತ್ತದೆ.

ಕೊನೆಯದನ್ನು ಮಾಡುವ ಮುಂಚೆ ಮಾದರಿ ಹಲ್ಲು ಬಾಯಲ್ಲಿಟ್ಟು ತೋರಿಸುತ್ತಾರೆ. ನೀವು ಬಾಯಿ ಬಿಟ್ಟು ಹೇಳಬೇಕಾದ ಹೊತ್ತು ಅದೇ, ಆಮೇಲೆ ಹೇಳಿ ಪ್ರಯೋಜನ ಕಡಿಮೆ. ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ. ಹಳೇ ಫೋಟೋ, ನಿಮ್ಮ ಸ್ವಂತ ಹಲ್ಲಿದ್ದಾಗಿನದು, ಇದ್ದರೆ ಒಯ್ಯಿರಿ. ಪೂರ್ತಿ ಬಾಯಿ ತೆರೆದು ನಕ್ಕು ನೋಡಿ. ಗುಲಾಬಿ ಅಂಚಿನ ಗೆರೆ ಕಾಣುತ್ತಾ? ಆಮೇಲೆ ಜೋರಾಗಿ ಮಾತಾಡಿ. ‘ಸಾಸಿವೆ’, ‘ಸೊಸೆ’, ‘ಶಶಿ’ ಅನ್ನಿ. ಗಾಳಿ ಸಿಳ್ಳೆಯಂತೆ ಹೊರಟರೆ ಹಲ್ಲಿನ ಹಿಂಬದಿಯ ಆಕಾರ ತಿದ್ದಬೇಕು. ‘ವಿವರ’, ‘ಫಲ’, ‘ಫೋನ್’ ಅನ್ನುವಾಗ ಮೇಲಿನ ಹಲ್ಲಿನ ಅಂಚು ಕೆಳತುಟಿಗೆ ಹಗುರಾಗಿ ತಾಗಬೇಕು. ಚುಚ್ಚಿದರೆ ಹಲ್ಲು ಉದ್ದ, ತಾಗದೇ ಇದ್ದರೆ ಗಿಡ್ಡ. ಕನ್ನಡಿ ಹಿಡಿದು ಇನ್ನೊಂದನ್ನೂ ಕೇಳಿ: ‘ಇದರ ಅಡಿಗೆ ಬ್ರಶ್ ಎಲ್ಲಿಂದ ಹೋಗುತ್ತೆ, ತೋರಿಸಿ.’ ಬ್ರಶ್ ಹೋಗಲು ದಾರಿಯೇ ಇಲ್ಲದಿದ್ದರೆ ಅಂಚು ತಿದ್ದಿಕೊಡಿ ಅನ್ನಿ.

ತುಂಬಾ ಬಿಳಿ ಬೇಡ ಅನ್ನುವುದು ನನ್ನ ಸಲಹೆ. ಕೇಳುವವರು ಯಾರು! ಆದರೂ ಕಣ್ಣಿನ ಬಿಳಿ ಭಾಗಕ್ಕಿಂತ ಹಲ್ಲು ಬೆಳ್ಳಗಿದ್ದರೆ ಎದುರಿಗಿದ್ದವರಿಗೆ ಮೊದಲು ಕಾಣುವುದು ಹಲ್ಲೇ.

ಹಂತ 10: ದಿನದ ಕೆಲಸ

ಟೈಟಾನಿಯಂಗೆ ಹುಳುಕು ಹಿಡಿಯುವುದಿಲ್ಲ, ನಿಜ. ಅದರ ಸುತ್ತಲಿನ ವಸಡು, ಮೂಳೆಗೆ ಕಾಯಿಲೆ ಬರುತ್ತದೆ. ಪಾಚಿ ಕಟ್ಟಿ, ವಸಡು ಊದಿ, ಮೂಳೆ ಕರಗುವ ಈ ಸ್ಥಿತಿಗೆ ಪೆರಿ-ಇಂಪ್ಲಾಂಟೈಟಿಸ್ ಅನ್ನುತ್ತಾರೆ. ಸಮಸ್ಯೆ ಏನೆಂದರೆ ಹೆಚ್ಚಾಗಿ ನೋವೇ ಇರುವುದಿಲ್ಲ. ಉಜ್ಜಿದಾಗ ರಕ್ತ, ಕೆಟ್ಟ ವಾಸನೆ, ಒತ್ತಿದರೆ ಕೀವು, ಇವೇ ಸುಳಿವು. ಇಂಪ್ಲಾಂಟ್ ಅಲುಗಾಡುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ವಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡವರಿಗೆ ಈ ಅಪಾಯ ಹೆಚ್ಚು.

ಬಿಗಿದ ಬ್ರಿಡ್ಜ್ ಇದ್ದವರು ದಿನಕ್ಕೆರಡು ಸಲ ಮೆತ್ತನೆಯ ಬ್ರಶ್‌ನಲ್ಲಿ ಉಜ್ಜಿ. ರಾತ್ರಿ ಒಂದು ಸಲ, ತುದಿ ಗಟ್ಟಿಯಾಗಿ ನಡುವೆ ಸ್ಪಂಜಿನಂತಿರುವ ಸೂಪರ್‌ಫ್ಲಾಸ್ ದಾರವನ್ನು ಬ್ರಿಡ್ಜ್ ಅಡಿ ತೂರಿಸಿ, ಒಂದೊಂದು ಇಂಪ್ಲಾಂಟ್ ಸುತ್ತಲೂ ಎಳೆದಾಡಿ. ಸಂದಿಯ ಬ್ರಶ್ ಬಳಸುವುದಾದರೆ ಒಳಗಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಕೊಳ್ಳಿ. ಬರೀ ತಂತಿ ಟೈಟಾನಿಯಂ ಮೇಲೆ ಗೀರು ಹಾಕುತ್ತದೆ, ಗೀರಲ್ಲಿ ಪಾಚಿ ಕೂರುತ್ತದೆ. ನೀರು ಚಿಮ್ಮಿಸುವ ವಾಟರ್ ಫ್ಲಾಸರ್ ಬಹಳ ಅನುಕೂಲ. ಆದರೆ ಅದು ಅಗುಳು ತೆಗೆಯುತ್ತದೆ, ಅಂಟಿದ ಪಾಚಿಗೆ ಉಜ್ಜಲೇಬೇಕು. ಮೊದಲ ವಾರ ಇದಕ್ಕೆ ಕಾಲು ಗಂಟೆ ಹಿಡಿಯುತ್ತದೆ, ಬೈದುಕೊಳ್ಳುತ್ತೀರಿ. ತಿಂಗಳಲ್ಲಿ ಕೈ ಪಳಗುತ್ತದೆ.

ತೆಗೆಯುವ ಸೆಟ್ ಇದ್ದವರು ರಾತ್ರಿ ತೆಗೆದು, ಬ್ರಶ್ ಮಾಡಿ, ನೀರಿನಲ್ಲಿಡಿ. ಬಿಸಿನೀರು ಬೇಡ, ಸೆಟ್ ಸೊಟ್ಟಗಾಗುತ್ತದೆ. ದವಡೆಯಲ್ಲಿರುವ ಗುಂಡಿಯನ್ನೂ ಸುತ್ತ ಉಜ್ಜಿ, ಅದನ್ನೇ ಮರೆಯುವುದು ಹೆಚ್ಚು. ಸೆಟ್ಟನ್ನು ಕಚ್ಚಿ ಕೂರಿಸಬೇಡಿ, ಬೆರಳಿನಿಂದ ಒತ್ತಿ. ಗುಳಿಯೊಳಗಿನ ನೈಲಾನ್ ಬಿಲ್ಲೆ ಸವೆಯುತ್ತದೆ, ವರ್ಷಕ್ಕೊಮ್ಮೆ ಸುಮಾರಿಗೆ ಬದಲಿಸಬೇಕಾಗುತ್ತದೆ. ಅದು ಸಣ್ಣ ಕೆಲಸ. ‘ಸೆಟ್ ಸಡಿಲ ಆಯ್ತು, ಇಂಪ್ಲಾಂಟ್ ಹೋಯ್ತು’ ಅಂತ ಗಾಬರಿಯಾಗಿ ಬರುವವರಲ್ಲಿ ಬಹಳ ಜನರದ್ದು ಈ ಬಿಲ್ಲೆಯ ಕಥೆ.

ಮೊದಲ ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆಯಾದರೂ ತೋರಿಸಿ. ಕೊನೆಯ ಸೆಟ್ ಬಿಗಿದ ದಿನ ಒಂದು ಎಕ್ಸ್‌ರೇ ತೆಗೆಸಿ, ಪ್ರತಿ ಇಟ್ಟುಕೊಳ್ಳಿ. ಮುಂದೆ ಮೂಳೆ ಎಷ್ಟು ಇಳಿದಿದೆ ಅಂತ ಹೋಲಿಸಲು ಅದೇ ಆಧಾರ. ನಿದ್ದೆಯಲ್ಲಿ ಹಲ್ಲು ಕಡಿಯುವವರು ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿನ ಮೇಲೆ ಹಾಕುವ ಕವಚ, ಮಾಡಿಸಿಕೊಳ್ಳಿ. ಸ್ವಂತ ಹಲ್ಲಿನ ಬೇರಿನ ಸುತ್ತ ಒತ್ತಡ ತಿಳಿಸುವ ನಾರಿನ ಪದರ ಇರುತ್ತದೆ, ಇಂಪ್ಲಾಂಟ್‌ಗೆ ಅದಿಲ್ಲ. ಹಾಗಾಗಿ ಎಷ್ಟು ಜೋರಾಗಿ ಕಚ್ಚುತ್ತಿದ್ದೇವೆ ಅಂತ ಮೊದಲಿನಷ್ಟು ಚೆನ್ನಾಗಿ ಗೊತ್ತಾಗುವುದಿಲ್ಲ.

ಒಂದು ದಿನ ಬ್ರಿಡ್ಜ್ ಕಿಟಕ್ ಅಂದು ಸ್ವಲ್ಪ ಅಲ್ಲಾಡಿದ ಹಾಗೆ ಅನಿಸಬಹುದು. ಹೆಚ್ಚಿನ ಸಲ ಅದು ಮೇಲಿನ ಚಿಕ್ಕ ಸ್ಕ್ರೂ ಸಡಿಲವಾಗಿದ್ದು, ಮೂಳೆಯೊಳಗಿನದ್ದಲ್ಲ. ಗೋಂದು ಹಾಕಬೇಡಿ, ಬೆರಳಿಂದ ಅಲ್ಲಾಡಿಸಿ ನೋಡುತ್ತಾ ಕೂರಬೇಡಿ. ಆ ಕಡೆ ಅಗಿಯುವುದು ನಿಲ್ಲಿಸಿ, ಎರಡು ಮೂರು ದಿನದೊಳಗೆ ಹೋಗಿ ಬಿಗಿಸಿಕೊಂಡು ಬನ್ನಿ. ಹೋಗುವಾಗ ಆ ಸ್ಟಿಕ್ಕರಿನ ಫೋಟೋ ಫೋನಲ್ಲಿ ಇರಲಿ.